ದೀರ್ಘಾಧ್ಯಯನವೂ ದೇಹರಕ್ಷಣೆಯೂ

ವಿದ್ಯಾರ್ಜನೆಯು ತಪಸ್ಸಿಗೆ ಸಮಾನವೆಂದು ಹಿರಿಯರು ಹೇಳುತ್ತ ಬಂದಿರುವರು. ಆ ಮಾತು ಸತ್ಯವೇ. ಆದರೆ ತಪಸ್ಸೆಂದರೆ ದೇಹವನ್ನು ದಂಡಿಸುವುದೆಂದು ತಿಳಿದವರು ಅದನ್ನು ಎಳೆಯರ ಮೇಲೆ ಪ್ರಯೋಗಿಸಿದಾಗ ಅನರ್ಥವುಂಟಾಗುತ್ತದೆ. ಪರೀಕ್ಷೆಯ ಕಾಲ ಸಮೀಪಿಸಿತೆಂದರೆ ಎಷ್ಟೋ ಮನೆಗಳಲ್ಲಿ ರಾತ್ರಿ ಒಂದು ಗಂಟೆಯವರೆಗೆ ದೀಪವುರಿಯುತ್ತಿರುತ್ತದೆ; ಬೆಳಗಿನ ನಾಲ್ಕೂವರೆಗೆ ತಂದೆಯು ಮಗನನ್ನು ಮತ್ತೆ ಎಬ್ಬಿಸುತ್ತಾನೆ. “ನಮ್ಮ ಹುಡುಗ ನಿದ್ದೆಯನ್ನೇ ಮಾಡುವುದಿಲ್ಲ” ಎಂದು ನೆರೆಯವರೊಡನೆ ಹೆಮ್ಮೆಯಿಂದ ಹೇಳಿಕೊಳ್ಳುವುದೂ ಉಂಟು. ಇದು ಹೊಗಳತಕ್ಕ ಸಂಗತಿಯಲ್ಲ.

ಕಾಯಕದ ಮರ್ಮವನ್ನು ಬಲ್ಲವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ವಿದ್ಯಾರ್ಥಿಗೆ ಅಧ್ಯಯನವೇ ಕಾಯಕ. ದೇಹವು ಅದರ ಉಪಕರಣ. ನೇಕಾರನು ಮಗ್ಗವನ್ನು ಹಾಳುಗೆಡವಿ ಸೀರೆ ನೇಯಲಾರನು. ಎತ್ತಿಗೆ ಮೇವು ಹಾಕದೆ ಹೊತ್ತು ಮುಳುಗುವವರೆಗೆ ಉಳುವವನನ್ನು ಯಾರೂ ಶ್ರಮಜೀವಿಯೆಂದು ಕರೆಯರು.

ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರನ್ನು ಶರೀರದ ಉಪಸ್ತಂಭಗಳೆಂದು ಚರಕಸಂಹಿತೆಯು ಹೇಳುತ್ತದೆ. ಓದುವವನು ಇವುಗಳಲ್ಲಿ ಮೊದಲು ಕಡಿಯುವುದು ನಿದ್ರೆಯನ್ನು. ಅದನ್ನು ಕಡಿದರೆ ಹೊತ್ತು ಉಳಿಯಿತೆಂದು ಅವನ ಲೆಕ್ಕ. ಆದರೆ ಹಗಲಿನಲ್ಲಿ ಕಲಿತದ್ದು ಸ್ಮೃತಿಯಲ್ಲಿ ನೆಲೆಗೊಳ್ಳುವುದು ಬಹುಮಟ್ಟಿಗೆ ನಿದ್ರಾಕಾಲದಲ್ಲಿಯೇ ಎಂಬುದನ್ನು ಆಧುನಿಕ ವಿಜ್ಞಾನವು ತೋರಿಸಿಕೊಟ್ಟಿದೆ. ಆದುದರಿಂದ ನಿದ್ರೆಯಿಂದ ಮೂರು ಗಂಟೆ ಕದ್ದು ಓದುವವನು ಆ ಮೂರು ಗಂಟೆಗಳ ಓದನ್ನು ಪೂರ್ಣವಾಗಿ ಪಡೆಯುವುದಿಲ್ಲ. ಅದಕ್ಕೂ ಮೊದಲು ಓದಿದುದರಲ್ಲಿ ಸ್ವಲ್ಪವನ್ನು ಕಳೆದುಕೊಳ್ಳುತ್ತಾನೆ. ೧೩ರಿಂದ ೧೮ ವರ್ಷದವರಿಗೆ ದಿನಕ್ಕೆ ೮ರಿಂದ ೧೦ ಗಂಟೆಗಳ ನಿದ್ರೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಸಂಸ್ಥೆಯು ೨೦೧೬ರಲ್ಲಿ ನಿರ್ಣಯಿಸಿತು. ನಮ್ಮ ಮನೆಗಳಲ್ಲಿ ಇದರ ಅರ್ಧವೂ ದೊರೆಯದ ಮಕ್ಕಳಿದ್ದಾರೆ.

ಬ್ರಾಹ್ಮೀಮುಹೂರ್ತದಲ್ಲಿ ಏಳಬೇಕೆಂಬ ಶಾಸ್ತ್ರವಿಲ್ಲವೇ ಎಂದು ಕೆಲವರು ಕೇಳಬಹುದು. ಇದೆ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಹಾಗೆಯೇ ವಿಧಿಸಿರುವನು. ಆದರೆ ಆ ವಿಧಿಯು ಸ್ವಸ್ಥನಾದವನಿಗೆ, ಆಯುಷ್ಯದ ರಕ್ಷಣೆಗಾಗಿ ಎಂಬ ಮಾತುಗಳು ಅಲ್ಲಿಯೇ ಇವೆ; ಅವನ್ನು ಬಿಟ್ಟು ಓದುವವರೇ ಹೆಚ್ಚು. ಸ್ನಾನ, ಲಿಂಗಪೂಜೆಗಳಿಗೆಂದು ಐದು ಗಂಟೆಗೆ ಏಳುವ ಮನೆಯಲ್ಲಿ ಮಕ್ಕಳು ಒಂಬತ್ತು ಗಂಟೆಗೆ ಮಲಗಬೇಕು. ಮಲಗುವ ಹೊತ್ತನ್ನು ಹಿಂದಕ್ಕೆ ತಾರದೆ ಏಳುವ ಹೊತ್ತನ್ನು ಮಾತ್ರ ಪಾಲಿಸಿದರೆ ಅದು ನಿಯಮದ ಅರ್ಧವೇ ಆಯಿತು. ಅನಿವಾರ್ಯವಾಗಿ ಒಂದು ರಾತ್ರಿ ಜಾಗರಣೆಯಾದರೆ ಅದಕ್ಕೂ ವಾಗ್ಭಟನು ಪರಿಹಾರವನ್ನು ಹೇಳಿರುವನು: ಎಚ್ಚರವಿದ್ದ ಕಾಲದ ಅರ್ಧದಷ್ಟನ್ನು ಮರುದಿನ ಪ್ರಾತಃಕಾಲ, ಊಟಕ್ಕೆ ಮೊದಲು, ನಿದ್ರಿಸಬೇಕು. ಇನ್ನು ನಿದ್ರೆಯನ್ನೋಡಿಸಲು ರಾತ್ರಿ ಕುಡಿಯುವ ಚಹ, ಕಾಫಿಗಳು. ಅವುಗಳ ಉತ್ತೇಜಕಾಂಶವು ದೊಡ್ಡವರ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ೫ ಗಂಟೆ ಬೇಕು. ಒಂಬತ್ತು ಗಂಟೆಗೆ ಕುಡಿದುದು ನಡುರಾತ್ರಿ ಕಳೆದರೂ ಕೆಲಸ ಮಾಡುತ್ತಲೇ ಇರುತ್ತದೆ.

ಹಿಂದಿನ ಪಾಠಶಾಲೆಗಳಲ್ಲಿ ಕಠಿಣವಾದ ಕಂಠಪಾಠವಿದ್ದರೂ ಅನಧ್ಯಯನದ ದಿನಗಳೂ ಇದ್ದುವು. ಪ್ರತಿಪದೆ, ಅಷ್ಟಮಿಗಳಂದು ಪಾಠವಿಲ್ಲ. ಪ್ರತಿಪದೆಯಂದು ಓದುವವನ ವಿದ್ಯೆಯು ಕ್ಷೀಣಿಸುವುದೆಂಬ ನಂಬಿಕೆ ಎಷ್ಟು ಬಲವಾಗಿದ್ದಿತೆಂದರೆ, ವಾಲ್ಮೀಕಿಯು ಸುಂದರಕಾಂಡದಲ್ಲಿ ಸೀತೆಯ ಕೃಶತೆಗೆ ಅಂಥ ವಿದ್ಯೆಯನ್ನೇ ಉಪಮಾನವಾಗಿ ತಂದಿರುವನು. ತಿಥಿಯ ಕಾರಣವನ್ನು ಒಪ್ಪಲಿ ಬಿಡಲಿ, ವಾರಕ್ಕೊಂದು ದಿನವಾದರೂ ಪುಸ್ತಕವನ್ನು ಮುಚ್ಚಿಡುವ ಪದ್ಧತಿಯಲ್ಲಿ ವಿವೇಕವಿತ್ತು. ಬಾದಾಮಿಯ ಸಮೀಪದಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ೧೯೦೯ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರದಲ್ಲಿಯೂ ಶಾಸ್ತ್ರಪಾಠದೊಡನೆ ಯೋಗಾಭ್ಯಾಸವು ಶಿಕ್ಷಣದ ಅಂಗವೇ ಆಗಿದ್ದಿತು.

ಕುಳಿತುಕೊಳ್ಳುವ ಕ್ರಮವೂ ಗಮನಾರ್ಹ. ನೆಲದ ಮೇಲೆ ಪುಸ್ತಕವನ್ನಿಟ್ಟು ಬಾಗಿ ಓದುವುದರಿಂದ ಕೊರಳು, ಬೆನ್ನುಗಳಿಗೆ ನೋವು. ವ್ಯಾಸಪೀಠವು ಗ್ರಂಥಗೌರವಕ್ಕಾಗಿ ಮಾತ್ರ ಹುಟ್ಟಿದುದಲ್ಲ; ಅದು ಪುಸ್ತಕವನ್ನು ಕಣ್ಣಿನ ಕಡೆಗೆ ಎತ್ತಿ ಕೊಡುತ್ತದೆ. ಪೀಠವಿಲ್ಲದಿದ್ದರೆ ಒಂದು ಹಲಗೆಯಾದರೂ ಸಾಕು. ಎಂತಹ ಒಳ್ಳೆಯ ಆಸನವಾದರೂ ಅರ್ಧ ಮುಕ್ಕಾಲು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಬಲಗೈಯಿಂದ ಬರೆಯುವವನಿಗೆ ಬೆಳಕು ಎಡಗಡೆಯಿಂದ ಬರಬೇಕು. ಇಲ್ಲವಾದರೆ ಬರಹದ ಮೇಲೆ ಕೈಯ ನೆರಳು ಬೀಳುತ್ತದೆ. ಈಗ ಪಾಠಗಳು ಮೊಬೈಲಿನಲ್ಲಿಯೂ ಬರುತ್ತಿರುವುದರಿಂದ ಮಕ್ಕಳು ರೆಪ್ಪೆ ಮಿಟುಕಿಸುವುದನ್ನೇ ಮರೆತು ನೋಡುತ್ತಾರೆ, ಕಣ್ಣು ಒಣಗಿ ಉರಿಯುತ್ತದೆ. ೨೦ ನಿಮಿಷಕ್ಕೊಮ್ಮೆ ದೂರದ ಮರವನ್ನೋ ಗೋಪುರವನ್ನೋ ಕೆಲವು ಕ್ಷಣ ನೋಡುವ ಅಭ್ಯಾಸ ಒಳ್ಳೆಯದು. ಹಗಲಿನ ಬೆಳಕಿನಲ್ಲಿ ಹೊರಗೆ ಹೆಚ್ಚು ಹೊತ್ತು ಕಳೆಯುವ ಮಕ್ಕಳಿಗೆ ಸಮೀಪದೃಷ್ಟಿದೋಷ ಬರುವುದು ಕಡಿಮೆ. ಇದನ್ನರಿತೇ ತೈವಾನ್ ದೇಶದಲ್ಲಿ ೨೦೧೦ರಿಂದ ಶಾಲೆಯ ಮಕ್ಕಳನ್ನು ದಿನಕ್ಕೆ ೧೨೦ ನಿಮಿಷ ಹೊರಗಿರಿಸುವ ಏರ್ಪಾಡನ್ನು ಕೈಗೊಂಡರು.

ವ್ಯಾಯಾಮಕ್ಕೆ ಬೇರೆ ಸಲಕರಣೆ ಬೇಡ. ಅಂಗಳ ಗುಡಿಸುವುದು, ಗಿಡಗಳಿಗೆ ನೀರು ಹೊರುವುದು, ದಾಸೋಹದಲ್ಲಿ ಬಡಿಸುವುದು, ಸಂಜೆ ಒಂದಿಷ್ಟು ಆಟ. ಇವುಗಳನ್ನು ಕಾಲಹರಣವೆಂದು ಬಗೆದು ಪರೀಕ್ಷೆಯ ತಿಂಗಳಿನಲ್ಲಿ ನಿಲ್ಲಿಸಿಬಿಡುವುದು ತಪ್ಪು. ೫ರಿಂದ ೧೭ ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ ೬೦ ನಿಮಿಷಗಳ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ತಿಳಿಸಿದೆ. ಅತಿಯೂ ಸಲ್ಲದು, ಬಲವುಳ್ಳವನೂ ಅರ್ಧಶಕ್ತಿಯಷ್ಟೇ ವ್ಯಾಯಾಮ ಮಾಡತಕ್ಕದ್ದೆಂಬುದು ವಾಗ್ಭಟನ ಮತ.

ಊಟದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ರಾಗಿಮುದ್ದೆ, ಜೋಳದ ರೊಟ್ಟಿ, ಸೊಪ್ಪು, ಬೇಳೆ, ಮಜ್ಜಿಗೆ ಇದ್ದ ಮನೆಯಲ್ಲಿ ಡಬ್ಬಿಯ ಪುಡಿಗಳು ಬೇಕಿಲ್ಲ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಅದರಲ್ಲಿರುವ ಕಬ್ಬಿಣಾಂಶವು ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಊಟದೊಡನೆಯೇ ಚಹ ಕುಡಿದರೆ ಹತ್ತುವುದು ಕಡಿಮೆಯಾಗುತ್ತದೆ. ಹೊಟ್ಟೆಯ ಎರಡು ಭಾಗವನ್ನು ಅನ್ನದಿಂದ, ಒಂದನ್ನು ದ್ರವದಿಂದ ತುಂಬಿ ನಾಲ್ಕನೆಯದನ್ನು ಗಾಳಿಗೆ ಬಿಡಬೇಕೆಂಬ ಹಳೆಯ ಲೆಕ್ಕವು, ಉಂಡೊಡನೆ ಓದಲು ಕುಳಿತು ತೂಕಡಿಸುವವರಿಗೆ ಬಹಳ ಉಪಯುಕ್ತ.

ಹಸಿವು, ಬಾಯಾರಿಕೆ, ಮಲಮೂತ್ರ, ಆಕಳಿಕೆ, ನಿದ್ರೆ ಮೊದಲಾದ ೧೩ ವೇಗಗಳನ್ನು ತಡೆಯಬಾರದೆಂದು ಚರಕನು ಹೇಳಿರುವನು. ಓದಿನ ಭರದಲ್ಲಿ ವಿದ್ಯಾರ್ಥಿಗಳು ತಡೆಯುವುದು ಬಹುಪಾಲು ಇವುಗಳನ್ನೇ. ಅದರಲ್ಲಿಯೂ ಹೆಣ್ಣುಮಕ್ಕಳ ಸ್ಥಿತಿ ವಿಚಾರಾರ್ಹವಾಗಿದೆ. ಶಾಲೆಯ ಶೌಚಾಲಯವು ಶುಚಿಯಾಗಿಲ್ಲವೆಂದು ಅವರು ಹಗಲೆಲ್ಲ ನೀರನ್ನೇ ಕುಡಿಯದಿರುವುದು, ಮೂತ್ರವನ್ನು ತಡೆದುಕೊಳ್ಳುವುದು ಸಾಮಾನ್ಯ. ಇದರಿಂದ ಮೂತ್ರನಾಳದ ಸೋಂಕು ತಗಲುತ್ತದೆ. ಮನೆಗೆ ಬಂದ ಮೇಲೆ ಪಾತ್ರೆ, ನೀರು, ಅಡುಗೆಯ ಕೆಲಸ ಮುಗಿಸಿ ಅವರು ಪುಸ್ತಕ ಹಿಡಿಯುವಾಗ ಅಣ್ಣತಮ್ಮಂದಿರ ಓದು ಮುಗಿದಿರುತ್ತದೆ. ಮಗಳಿಗೆ ನಿದ್ರೆ ಸಾಲದಿರುವುದು ಓದಿನಿಂದಲ್ಲ, ಮನೆಗೆಲಸದ ಹಂಚಿಕೆಯಿಂದ. ಪಾತ್ರೆ ತೊಳೆಯುವ ಕಾಯಕವು ಗಂಡುಮಕ್ಕಳಿಗೆ ನಿಷಿದ್ಧವೆಂದು ಯಾವ ಶರಣರೂ ಹೇಳಿಲ್ಲ.

ಕರಿಹಲಗೆಯ ಅಕ್ಷರ ಮಸುಕಾಗಿ ಕಾಣುತ್ತಿದ್ದರೆ, ಪದೇಪದೇ ತಲೆನೋವು ಬಂದರೆ, ಮಲಗಿದರೂ ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಮಾತುಕತೆ ಊಟಗಳಲ್ಲಿ ಆಸಕ್ತಿ ಹೋಗಿ ಮಗುವು ಮಂಕಾಗಿ ಕುಳಿತರೆ, ಅದನ್ನು ಓದಿನ ಸೋಮಾರಿತನವೆಂದು ಗದರಿಸದೆ ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು. ಪರೀಕ್ಷೆ ಮುಗಿಯಲಿ ಎಂದು ಕಾಯಬಾರದು.