ಎರಡು ಸೆಂಟಿಮೀಟರ್ ಒಳಗಿನ ಲೆಕ್ಕ

ಥೈರಾಯ್ಡ್ ಕ್ಯಾನ್ಸರ್ ಬಂದವರಿಗೆ ಸಮಾಧಾನ ಹೇಳುವುದು ಸುಲಭ. ‘ಕ್ಯಾನ್ಸರ್‌ಗಳಲ್ಲೇ ಇದು ಸಾಧು’ ಎಂದು ಡಾಕ್ಟರೂ ಹೇಳುತ್ತಾರೆ, ಮೆಡಿಕಲ್ ಸ್ಟೋರಿನವರೂ ಹೇಳುತ್ತಾರೆ. ಸುಳ್ಳೇನಲ್ಲ. ನನಗೆ ಬಂದದ್ದು ಪ್ಯಾಪಿಲರಿ ಎಂಬ ಬಗೆ. ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಇದೇ. ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು, ಬೇಗ ಸಿಕ್ಕರೆ ಗುಣವಾಗುವವರೂ ಹೆಚ್ಚು. ತಮಾಷೆಯೆಂದರೆ, ಈ ಸಮಾಧಾನದ ಮಾತನ್ನು ವಿಮಾ ಪಾಲಿಸಿಗಳೂ ಅಚ್ಚು ಹಾಕಿಸಿಟ್ಟುಕೊಂಡಿವೆ.

ನನ್ನ ಹತ್ತಿರ ಎರಡು ಪಾಲಿಸಿ ಇದ್ದವು. ಒಂದು ಆಸ್ಪತ್ರೆ ಖರ್ಚು ಕೊಡುವಂಥದ್ದು. ಇನ್ನೊಂದು ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ: ದೊಡ್ಡ ಕಾಯಿಲೆ ಖಚಿತವಾದರೆ ಬಿಲ್ಲು ಕೇಳದೆ ಇಡಿಗಂಟು ಕೊಡುವಂಥದ್ದು. ಆಪರೇಷನ್ ಆಗಿ ಬಯಾಪ್ಸಿ ವರದಿ ಬಂದ ಮೇಲೆ ಎರಡನೆಯದನ್ನು ಕೂತು ಓದಿದವಳು ನಾನಲ್ಲ, ಬ್ಯಾಂಕಿನಿಂದ ನಿವೃತ್ತಳಾದ ನನ್ನ ಹಾಸ್ಟೆಲ್ ಗೆಳತಿ. ಕ್ಯಾನ್ಸರ್ ಎಂದರೇನು ಎಂದು ವಿವರಿಸುವ ಭಾಗದ ಕೆಳಗೆ ಏನೇನು ಸೇರುವುದಿಲ್ಲ ಎಂಬ ಪಟ್ಟಿ ಇರುತ್ತದೆ. ಅದರಲ್ಲಿ ‘ಟಿ1 ಎನ್0 ಎಂ0 ಅಥವಾ ಅದಕ್ಕಿಂತ ಕೆಳಗಿನ ಹಂತದ ಥೈರಾಯ್ಡ್ ಕ್ಯಾನ್ಸರ್’ ಒಂದು ಸಾಲು. ಟಿ1 ಅಂದರೆ ಎರಡು ಸೆಂಟಿಮೀಟರ್ ಮೀರದ, ಗ್ರಂಥಿಯೊಳಗೇ ಇರುವ ಗಡ್ಡೆ. ಉಳಿದ ಎರಡು ಸೊನ್ನೆಗಳು ಲಿಂಫ್ ಗಂಟಿಗೂ ಬೇರೆ ಅಂಗಕ್ಕೂ ಹರಡಿಲ್ಲ ಎಂಬುದರ ಗುರುತು. ನನ್ನದು 1.6 ಸೆಂಟಿಮೀಟರ್. ಇದು ಒಂದು ಕಂಪನಿಯ ಕುತಂತ್ರವಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ನಿಗದಿಪಡಿಸಿದ ವ್ಯಾಖ್ಯೆಯೇ ಹೀಗಿದೆ. ಬೇಗ ಪತ್ತೆಯಾದದ್ದು ಜೀವಕ್ಕೆ ಲಾಭ, ಪಾಲಿಸಿಗೆ ನಷ್ಟ. ‘ಇನ್ನೊಂದು ಅರ್ಧ ಸೆಂಟಿಮೀಟರ್ ಬೆಳೆಸಬೇಕಿತ್ತು ಕಣೇ’ ಎಂದಳು ಗೆಳತಿ. ಕತ್ತಿನ ಹೊಲಿಗೆ ಎಳೆಯುವಷ್ಟು ನಕ್ಕೆವು.

ಆ ಇಡಿಗಂಟನ್ನು ನೆಚ್ಚಿಕೊಂಡು ಹಾಕಿದ್ದ ಲೆಕ್ಕ ಇತ್ತಲ್ಲ, ಸಂಬಳವಿಲ್ಲದ ರಜೆ, ಹಾಸನದಿಂದ ಬೆಂಗಳೂರಿಗೆ ಓಡಾಟ, ಮನೆಸಾಲದ ಕಂತು, ಅದು ಹಾಗೇ ಬಾಯಿ ತೆರೆದುಕೊಂಡು ಉಳಿಯಿತು. ಸುದ್ದಿ ತಿಳಿದ ಹುಬ್ಬಳ್ಳಿಯ ಗೆಳತಿ ಫೋನಿನಲ್ಲೇ ತೀರ್ಮಾನ ಮಾಡಿದಳು. ‘ರೊಕ್ಕದ ಚಿಂತಿ ಮಾಡಬ್ಯಾಡ. ನಾವೆಲ್ಲಾ ಕೂಡಿ ನಿನ್ನ ಅಕೌಂಟಿಗೆ ಹಾಕ್ತೀವಿ. ವಾಪಸ್ ಕೊಡೂದು ಗಿಡೂದು ಏನೂ ಬ್ಯಾಡ.’

ತಡೆದವಳು ಮತ್ತೆ ಬ್ಯಾಂಕಿನವಳೇ. ‘ಹಾಕೋದು ಹಾಕ್ರೇ, ಸಾಲ ಅಂತ ಬರೆದು ಹಾಕಿ.’

ಬಿಗುಮಾನದ ಮಾತಲ್ಲ ಇದು, ತೆರಿಗೆಯ ಮಾತು. ಅಣ್ಣ, ತಂಗಿ, ಸೋದರಮಾವ, ಚಿಕ್ಕಮ್ಮ ಎಷ್ಟೇ ಹಣ ಉಡುಗೊರೆಯಾಗಿ ಕೊಟ್ಟರೂ ತೆರಿಗೆಯಿಲ್ಲ. ಕಾನೂನಿನ ಸಂಬಂಧಿಕರ ಪಟ್ಟಿಯಲ್ಲಿ ಸ್ನೇಹಿತರಿಲ್ಲ. ಒಂದು ಹಣಕಾಸು ವರ್ಷದಲ್ಲಿ ಸಂಬಂಧಿಕರಲ್ಲದವರಿಂದ ಬಂದ ಹಣವೆಲ್ಲ ಒಟ್ಟು ಸೇರಿ 50,000 ರೂಪಾಯಿ ದಾಟಿದರೆ, ದಾಟಿದ ಭಾಗವಷ್ಟೇ ಅಲ್ಲ, ಪೂರ್ತಿ ಮೊತ್ತವೇ ಆದಾಯವಾಗುತ್ತದೆ. ಮೂವತ್ತು ವರ್ಷ ಒಡನಾಡಿದ ಗೆಳತಿಗಿಂತ ಮದುವೆಮನೆಯಲ್ಲಿ ಮಾತ್ರ ಕಾಣುವ ಸೋದರಮಾವ ಹತ್ತಿರದವನು ಎಂಬುದು ಆದಾಯ ತೆರಿಗೆ ಇಲಾಖೆಯ ನಂಬಿಕೆ. ನನ್ನದಲ್ಲ. ಸಾಲಕ್ಕೆ ಈ ತೊಡಕಿಲ್ಲ. ಆದರೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಕೈಸಾಲವನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ, ತೀರಿಸುವಾಗಲೂ ಹಾಗೆಯೇ. ಮೀರಿದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಹಾಗಾಗಿ ಮೂವರಿಂದ ಒಟ್ಟು 1,80,000 ರೂಪಾಯಿ ಬ್ಯಾಂಕ್ ಮೂಲಕವೇ ಬಂತು. ಬಡ್ಡಿಯಿಲ್ಲ ಎಂದು ಬರೆದ ಒಂದೊಂದು ಹಾಳೆಗೆ ಎರಡೂ ಕಡೆಯವರು ಸಹಿ ಹಾಕಿದೆವು. ಹುಬ್ಬಳ್ಳಿಯವಳು ಮಾತ್ರ ‘ಇದೇನ್ ಹಚ್ಚೀರಿ’ ಎಂದು ಸಿಟ್ಟಾಗಿಯೇ ಸಹಿ ಮಾಡಿದಳು.

ನನಗೆ ಆ ಹಾಳೆ ಬೇಕಿತ್ತು. ತೀರಿಸುವ ದಾರಿ ಕಾಣುವ ಹಣವನ್ನು ಪಡೆದವರು ಗೆಳೆಯರ ಮುಖ ನೋಡಿ ಮಾತಾಡಬಹುದು. ಹಣದ ವಿಷಯದಲ್ಲಿ ನಾನು ಜಿಪುಣಿ. ಶ್ರಮವನ್ನು ಮಾತ್ರ ಎರಡೂ ಕೈಯಲ್ಲಿ ಬಾಚಿಕೊಂಡೆ. ಕಾಯಿಲೆಯವರ ಸುತ್ತ ಖರ್ಚಾಗುವುದು ದುಡ್ಡಿಗಿಂತ ಹೆಚ್ಚಾಗಿ ಯಾರದೋ ಬಿಡುವು.

ಆಸ್ಪತ್ರೆಯ ಪಾಲಿಸಿಯನ್ನೇ ನೋಡಿ. ಮೂರು ಲಕ್ಷದ ವಿಮೆಗೆ ದಿನಕ್ಕೆ ಶೇ 1, ಅಂದರೆ 3,000 ರೂಪಾಯಿ ಕೋಣೆ ಬಾಡಿಗೆಯ ಮಿತಿ. 6,000ದ ಕೋಣೆ ಹಿಡಿದರೆ ಹೆಚ್ಚುವರಿ 3,000 ಕೈಯಿಂದ ಹಾಕಿದರೆ ಮುಗಿಯಿತು ಅಂದುಕೊಳ್ಳುವವರೇ ಎಲ್ಲ. ಹಾಗಲ್ಲ. ಸರ್ಜನ್ ಫೀಸು, ಆಪರೇಷನ್ ಥಿಯೇಟರ್ ಶುಲ್ಕದಂಥವೂ ಅದೇ ಅನುಪಾತದಲ್ಲಿ ಅರ್ಧಕ್ಕಿಳಿಯುತ್ತವೆ. ಔಷಧಿ ಮತ್ತು ಪರೀಕ್ಷೆಗಳ ಬಿಲ್ಲಿಗೆ ಈ ಕತ್ತರಿಯಿಲ್ಲ. ಇದನ್ನು ಅಡ್ಮಿಟ್ ಆಗುವ ಮುಂಚೆ ವಿಮೆಯ ಕ್ಲೇಮು ನೋಡಿಕೊಳ್ಳುವ ಟಿಪಿಎ ಡೆಸ್ಕಿನಲ್ಲಿ ನಿಂತು ಕೇಳಿದವಳು ಬೆಂಗಳೂರಿನ ಗೆಳತಿ. ಇಬ್ಬರ ಕೋಣೆಗೆ ಹಾಕಿಸಿದವಳೂ ಅವಳೇ. ಪಕ್ಕದ ಹಾಸಿಗೆಯ ಅಜ್ಜಿಯ ಗೊರಕೆಗೆ ನಾನು ಕೊಟ್ಟ ಬೆಲೆ ನೆನೆದರೆ ಲಾಭವೇ. ಆಸ್ಪತ್ರೆ ಸೇರುವ ಮುಂಚಿನ 30 ದಿನಗಳ ಖರ್ಚನ್ನೂ ನನ್ನ ಪಾಲಿಸಿ ಕೊಡುತ್ತದೆ. ಕತ್ತಿನ ಸ್ಕ್ಯಾನು, ಸೂಜಿ ಚುಚ್ಚಿ ತೆಗೆಯುವ ಎಫ್‌ಎನ್‌ಎಸಿ ಪರೀಕ್ಷೆಯ ಬಿಲ್ಲುಗಳು ಆ ಗಡಿಯೊಳಗೆ ಬರುವಂತೆ ಆಪರೇಷನ್ ತಾರೀಖನ್ನು ಸರ್ಜನ್ ಹತ್ತಿರ ಕೇಳಿ ಗೊತ್ತುಮಾಡಿದ್ದೂ ಅವಳ ಕ್ಯಾಲೆಂಡರ್ ನೋಡಿಯೇ. ಪ್ಯಾಪಿಲರಿ ನಿಧಾನಸ್ಥ ಕಾಯಿಲೆ, ನಾಲ್ಕು ದಿನ ಆಚೀಚೆ ಆದರೆ ತೊಂದರೆಯಿಲ್ಲ ಎಂದು ಡಾಕ್ಟರೇ ಹೇಳಿದ್ದರು.

ಗಡ್ಡೆ ಚಿಕ್ಕದಾದರೂ ರಕ್ತನಾಳದೊಳಕ್ಕೆ ಇಳಿದಿದ್ದರಿಂದ ರೇಡಿಯೋ ಅಯೋಡಿನ್ ಎಂಬ ವಿಕಿರಣ ಚಿಕಿತ್ಸೆ ಬೇಕೆಂದರು. ಅದಕ್ಕೆ ಮುಂಚೆ ಟಿಎಸ್‌ಎಚ್ ಎಂಬ ಹಾರ್ಮೋನು ಏರಬೇಕು. ಒಂದು ದಾರಿ ದುಬಾರಿ ಇಂಜೆಕ್ಷನ್. ಇನ್ನೊಂದು, ಗ್ರಂಥಿ ತೆಗೆದ ಮೇಲೆ ದಿನಾ ನುಂಗುವ ಥೈರಾಕ್ಸಿನ್ ಮಾತ್ರೆಯನ್ನು ಮೂರು ನಾಲ್ಕು ವಾರ ನಿಲ್ಲಿಸುವುದು. ನಾನು ಎರಡನೆಯದನ್ನು ಆರಿಸಿಕೊಂಡೆ. ದುಡ್ಡೇನೋ ಉಳಿಯಿತು. ಆದರೆ ಮಾತ್ರೆ ಇಲ್ಲದ ತಲೆ ನೆನೆದ ಹತ್ತಿಯಂತೆ ಭಾರ. ಫೋನಿನಲ್ಲಿ ಬಂದ ಮೆಸೇಜ್ ಓದಿ ಮುಗಿಸುವಷ್ಟರಲ್ಲಿ ಮೊದಲ ಸಾಲು ಮರೆತಿರುತ್ತಿತ್ತು. ಇಂಥ ಸಮಯದಲ್ಲಿ ಎಫ್‌ಡಿ ಮುರಿಯುವ, ಫಂಡ್ ಮಾರುವ ತೀರ್ಮಾನ ಯಾರೂ ಮಾಡಬಾರದು. ಕಂತು, ಕರೆಂಟ್ ಬಿಲ್ಲುಗಳನ್ನು ಮೊದಲೇ ಆಟೋ ಡೆಬಿಟ್‌ಗೆ ಹಾಕಿದ್ದೆ. ಖಾತೆಯಲ್ಲಿ ಹಣ ಇದೆಯೇ ಎಂದು ತಾರೀಖಿಗೆ ಮುಂಚೆ ಫೋನ್ ಮಾಡಿ ಕೇಳುವುದು ಬ್ಯಾಂಕಿನವಳ ಕೆಲಸ. ಪಿನ್ನು, ಓಟಿಪಿ ಅವಳು ಕೇಳಲೂ ಇಲ್ಲ, ನಾನು ಕೊಡಲೂ ಇಲ್ಲ.

ಅಷ್ಟು ದಿನವೂ ಅಯೋಡಿನ್ ಕಡಿಮೆ ಇರುವ ಊಟ. ಹಾಲು ಮೊಸರಿಲ್ಲ, ಅಯೋಡಿನ್ ಉಪ್ಪಿಲ್ಲ, ಅಂದರೆ ಹೋಟೆಲೂ ಇಲ್ಲ. ಬೆಂಗಳೂರಿನಲ್ಲಿದ್ದ ದಿನಗಳಿಗೆ ಬೇರೆ ಉಪ್ಪಿನ ಡಬ್ಬಿಯನ್ನೇ ಇಟ್ಟು ಗೆಳತಿ ಅಡುಗೆ ಮಾಡಿದಳು. ಅಯೋಡಿನ್ ಕುಡಿದು ಆಸ್ಪತ್ರೆಯ ಪ್ರತ್ಯೇಕ ಕೋಣೆಯಿಂದ ಹೊರಬಂದ ಮೇಲೂ ಕೆಲವು ದಿನ ಮಕ್ಕಳಿಂದ, ಗರ್ಭಿಣಿಯರಿಂದ ದೂರ ಇರಬೇಕು. ನಮ್ಮ ಮನೆಯಲ್ಲಿ ಮೊಮ್ಮಗುವಿತ್ತು. ಬೆಂಗಳೂರಿನ ಗೆಳತಿಯ ಮಹಡಿ ಮೇಲಿನ ಖಾಲಿ ಕೋಣೆ ಸಿಗದಿದ್ದರೆ ಲಾಡ್ಜ್ ಹಿಡಿಯಬೇಕಿತ್ತು, ಅದಕ್ಕೆ ಯಾವ ಪಾಲಿಸಿಯೂ ದುಡ್ಡು ಕೊಡದು.

ಈಗ ಖರ್ಚು ಸಣ್ಣದು, ಆದರೆ ಜೀವನಪೂರ್ತಿಯದು. ಮಾತ್ರೆ ಅಗ್ಗ, ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಿ ಕಾಫಿಗೆ ಅರ್ಧ ಗಂಟೆಯಾದರೂ ಕಾಯುವುದೇ ಕಷ್ಟ. ರಕ್ತಪರೀಕ್ಷೆ, ಕತ್ತಿನ ಸ್ಕ್ಯಾನಿಗೆಂದು ಒಂದು ಆರ್‌ಡಿ ತೆರೆದಿದ್ದೇನೆ. ಹೊಸ ವಿಮೆ ಸಿಗುವುದು ಇನ್ನು ಕಷ್ಟ. ಹಳೆಯದನ್ನು ಮಾತ್ರ, ಕ್ಲೇಮು ಮಾಡಿದಳೆಂಬ ಕಾರಣಕ್ಕೆ, ನವೀಕರಿಸುವುದಿಲ್ಲ ಎನ್ನುವಂತಿಲ್ಲ. ಅದರ ಪ್ರೀಮಿಯಂ ತಾರೀಖು ನಾಲ್ವರ ಫೋನಿನಲ್ಲೂ ಇದೆ.

ಹುಬ್ಬಳ್ಳಿಯವಳ ಸಾಲದ ಕಂತು ಪ್ರತಿ ತಿಂಗಳು 5ಕ್ಕೆ ಹೋಗುತ್ತದೆ. ಮೊದಲ ಕಂತು ಮುಟ್ಟಿದ ದಿನ ಅದನ್ನು ವಾಪಸ್ ಕಳಿಸಿದಳು. ಎರಡನೆಯದನ್ನು ಇಟ್ಟುಕೊಂಡಳು, ಜೊತೆಗೆ ತನ್ನ ಕ್ರಿಟಿಕಲ್ ಇಲ್‌ನೆಸ್ ಪಾಲಿಸಿಯ ಫೋಟೋ ಕಳಿಸಿ, ‘ಬ್ಯಾಂಕಿನಾಕಿಗೆ ಹೇಳು, ಇದನ್ನೂ ಓದಂತ’ ಎಂದಳು.