ಚಳಿಗಾಲದ ಬಿರುಮಳೆಯೂ ರಾಗಿಯ ಕುಯ್ಲೂ

ಹಳೆಯ ಮೈಸೂರು ಸೀಮೆಯ ಬಯಲುನಾಡಿನ ರೈತರಿಗೆ ಕಾರ್ತೀಕ ಮಾರ್ಗಶಿರ ಮಾಸಗಳು ವರ್ಷದ ಫಲವು ಕೈಗೆ ಬರುವ ಕಾಲ. ಆಷಾಢ ಶ್ರಾವಣಗಳಲ್ಲಿ ಬಿತ್ತಿದ ರಾಗಿಯು ಆಗ ತೆನೆ ಬಲಿತು ಕುಯ್ಲಿಗೆ ಬರುವುದು. ಬೆಳಗಿನಲ್ಲಿ ಮಂಜು ಬಿದ್ದು, ಹಗಲಿನಲ್ಲಿ ಒಳ್ಳೆಯ ಬಿಸಿಲು ಕಾಯುವುದರಿಂದ ಪೈರನ್ನು ಕುಯ್ದು ಒಣಗಿಸುವುದಕ್ಕೆ ಇದಕ್ಕಿಂತ ಅನುಕೂಲವಾದ ಕಾಲವಿಲ್ಲ. ಆದರೆ ಇದೇ ಕಾಲದಲ್ಲಿ ಮೂಡಣ ದಿಕ್ಕಿನಿಂದ ಮೋಡ ಕವಿದು, ಶೀತಗಾಳಿ ಬೀಸಿ, ಮೂರು ನಾಲ್ಕು ದಿನ ಎಡೆಬಿಡದೆ ಮಳೆ ಸುರಿಯುವುದೂ ಉಂಟು. ಹಾಗಾದ ವರ್ಷ ಆರು ತಿಂಗಳ ದುಡಿಮೆಯು ಮೂರು ದಿನಗಳಲ್ಲಿ ಹೊಲದಲ್ಲಿಯೇ ಕೊಳೆತುಹೋಗುವುದು.

ಮಳೆಯನ್ನು ತಡೆಯುವ ಶಕ್ತಿ ಯಾರಿಗೂ ಇಲ್ಲ. ಕುಯ್ದ ಪೈರು ನೆಲದ ಮೇಲೆ ಬಿದ್ದಿರುವ ಕಾಲವನ್ನು ಕಡಮೆಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ. ಇದನ್ನು ಸಾಧಿಸುವ ಕ್ರಮವನ್ನೂ, ಇದರಲ್ಲಿ ಗ್ರಾಮದ ಮುಖ್ಯಸ್ಥರೂ ಹೆಚ್ಚು ಜಮೀನುಳ್ಳವರೂ ವಹಿಸಬೇಕಾದ ಹೊಣೆಯನ್ನೂ ಈ ಲೇಖನದಲ್ಲಿ ವಿವರಿಸಿದೆ.

1. ಬಿರುಮಳೆಯು ಬರುವ ಬಗೆ

ನೈರುತ್ಯ ಮಾರುತವು ಸಾಮಾನ್ಯವಾಗಿ ಅಕ್ಟೋಬರ್ ತಿಂಗಳ ಮಧ್ಯಭಾಗದ ಹೊತ್ತಿಗೆ ನಮ್ಮ ಸೀಮೆಯಿಂದ ಹಿಂದೆ ಸರಿಯುವುದು. ಆಮೇಲೆ ಗಾಳಿಯು ಈಶಾನ್ಯದಿಂದ ಬೀಸತೊಡಗುವುದು. ಆಗ ಬಂಗಾಳ ಕೊಲ್ಲಿಯ ನೀರು ಇನ್ನೂ ಬೆಚ್ಚಗಿರುವ ಕಾರಣ ಅಲ್ಲಿ ವಾಯುಭಾರವು ಕುಸಿದು ಸುಳಿಗಾಳಿಗಳು ಹುಟ್ಟುವುವು. ಗಾಳಿಯ ವೇಗವು ಗಂಟೆಗೆ 62 ಕಿ.ಮೀ. ಮುಟ್ಟಿದರೆ ಅದನ್ನು ಚಂಡಮಾರುತವೆಂದು ಗಣಿಸಿ ಹೆಸರಿಡುವರು. ಇಂಥವು ಅನೇಕವಾಗಿ ಪಶ್ಚಿಮಕ್ಕೋ ವಾಯವ್ಯಕ್ಕೋ ಸಾಗಿ ತಮಿಳುನಾಡು ಮತ್ತು ಆಂಧ್ರದ ತೀರಗಳನ್ನು ದಾಟುವುವು. ನೆಲವನ್ನು ಹೊಕ್ಕ ಮೇಲೆ ಸಮುದ್ರದ ತೇವವು ದೊರೆಯದೆ ಗಾಳಿಯ ಬಲವು ಕುಂದುವುದು. ಆದರೆ ಮೋಡಗಳು ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು, ತುಮಕೂರು, ಚಾಮರಾಜನಗರ ಮೊದಲಾದ ಸೀಮೆಗಳ ಮೇಲೆ ಹರಡಿ ನಿಲ್ಲುವುವು. ನಮ್ಮ ಹಿರಿಯರು ಹೇಳುವ ವಿಶಾಖೆ, ಅನೂರಾಧೆ, ಜ್ಯೇಷ್ಠೆಯ ಮಳೆಗಳು ಈ ಕಾಲಕ್ಕೆ ಸೇರಿದವು.

2022ರ ಡಿಸೆಂಬರ್ 9ರ ರಾತ್ರಿ ಮಾಮಲ್ಲಪುರದ ಬಳಿ ತೀರವನ್ನು ದಾಟಿದ ಮಾಂಡೌಸ್, 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ದಾಟಿದ ಫೆಂಗಲ್, ಇವೆರಡೂ ಇದೇ ಜಾತಿಯವು. ಆದರೆ ಹೆಸರು ಪಡೆದ ಚಂಡಮಾರುತಕ್ಕೆ ಮಾತ್ರ ಅಂಜತಕ್ಕದ್ದೆಂದು ತಿಳಿಯಲಾಗದು. 2021ರ ನವೆಂಬರಿನಲ್ಲಿ ನಮ್ಮ ರಾಗಿಯನ್ನು ಅಪಾರವಾಗಿ ಹಾಳುಮಾಡಿದ್ದು ಹೆಸರಿಡುವಷ್ಟು ಬಲವನ್ನು ಪಡೆಯದ ವಾಯುಭಾರ ಕುಸಿತಗಳೇ. ಬಯಲುನಾಡಿನಲ್ಲಿ ಗಾಳಿಯ ಹೊಡೆತಕ್ಕಿಂತ ಬಿಸಿಲಿನ ಅಭಾವವೇ ಹೆಚ್ಚು ನಷ್ಟವನ್ನುಂಟುಮಾಡುವುದು. ನೆನೆದ ತೆನೆಯು ಒಂದೇ ದಿನದಲ್ಲಿ ಒಣಗಿದರೆ ಅಷ್ಟು ಕೇಡಿಲ್ಲ. ಮೂರು ನಾಲ್ಕು ದಿನ ನೆನೆದೇ ಇದ್ದರೆ ಕಾಳು ತೆನೆಯಲ್ಲಿಯೇ ಮೊಳೆತು, ಬೂಷ್ಟು ಹಿಡಿದು, ಕಪ್ಪಾಗುವುದು. ಹುಲ್ಲು ಕೊಳೆತು ದನಗಳಿಗೂ ಬಾರದಂತಾಗುವುದು.

2. ಒಂದು ಅನುಭವ

2021ರಲ್ಲಿ ಈ ಲೇಖಕನು ಸಂಚಾರದಲ್ಲಿದ್ದ ಒಂದು ಗ್ರಾಮದಲ್ಲಿ ನಡೆದುದನ್ನು ಹೇಳುವುದು ಇಲ್ಲಿ ಯುಕ್ತವಾಗಿದೆ. ಇನ್ನೆರಡು ದಿನಗಳಲ್ಲಿ ಮಳೆಯಾಗುವುದೆಂಬ ಮುನ್ಸೂಚನೆ ಬಂದಿತ್ತು. ನಾಲ್ಕು ಎಕರೆ ರಾಗಿ ಬೆಳೆದಿದ್ದ ಯಜಮಾನರೊಬ್ಬರು ಏನು ಮಾಡಬೇಕೆಂದು ಕೇಳಿದರು. ಪೈರೆಲ್ಲ ಬಲಿತಿರುವುದನ್ನು ನೋಡಿ, ಮಳೆಗೆ ಮುಂಚೆ ಎಲ್ಲವನ್ನೂ ಕುಯ್ದುಬಿಡಿರೆಂದು ನಾನು ಹೇಳಿದೆನು. ಅವರು ಊರಿನಲ್ಲಿದ್ದ ಆಳುಗಳನ್ನೆಲ್ಲ ಕರೆಸಿ ಒಂದೇ ದಿನದಲ್ಲಿ ನಾಲ್ಕು ಎಕರೆಯನ್ನೂ ಕುಯ್ಯಿಸಿದರು. ಆದರೆ ಅರಿಗಳು ಒಣಗುವುದಕ್ಕೂ ಅವನ್ನು ಹೊರೆ ಕಟ್ಟಿ ಮೆದೆ ಹಾಕುವುದಕ್ಕೂ ಕಾಲ ಉಳಿಯಲಿಲ್ಲ. ಮಳೆಯು ಹಿಡಿದುಕೊಂಡಿತು. ಐದನೆಯ ದಿನ ಹೋಗಿ ಅರಿಯನ್ನು ಎತ್ತಿ ನೋಡಿದಾಗ ನೆಲಕ್ಕೆ ತಗುಲಿದ ತೆನೆಗಳಲ್ಲಿ ಹಸುರು ಮೊಳಕೆ ಎದ್ದಿತ್ತು.

ಪಕ್ಕದಲ್ಲಿ ಒಬ್ಬ ವಿಧವೆಯ ಒಂದು ಎಕರೆ ಹೊಲವಿತ್ತು. ಆಳುಗಳೆಲ್ಲ ದೊಡ್ಡ ಹೊಲಕ್ಕೆ ಹೋದುದರಿಂದ ಆಕೆಗೆ ಒಬ್ಬರೂ ಸಿಕ್ಕಲಿಲ್ಲ. ತಗ್ಗಿನ ಕಡೆ ಒರಗಿದ ಪೈರು ಕೆಟ್ಟಿತು. ನಿಂತೇ ಇದ್ದ ಭಾಗವು ಗಾಳಿಗೂ ಬಿಸಿಲಿಗೂ ಬೇಗ ಒಣಗಿ ಕೈಗೆ ಬಂದಿತು. ಮಳೆಗೆ ಮುಂಚೆ ಎರಡು ಆಳು ಒಂದು ಹೊತ್ತು ದೊರೆತಿದ್ದರೆ ಆ ತಗ್ಗಿನ ಪೈರೂ ಉಳಿಯುತ್ತಿತ್ತು. ಆಕೆಯ ಮನೆಯ ವರ್ಷದ ಹಿಟ್ಟು ಆ ಒಂದು ಎಕರೆಯಿಂದಲೇ ಬರತಕ್ಕದ್ದಾಗಿತ್ತು.

ನನ್ನ ಸಲಹೆಯಲ್ಲಿದ್ದ ತಪ್ಪು ಇದರಿಂದ ಸ್ಪಷ್ಟವಾಯಿತು. ಎಷ್ಟು ಕುಯ್ಯಬಹುದೆಂದು ಲೆಕ್ಕಮಾಡಿದೆನೇ ಹೊರತು, ಎಷ್ಟನ್ನು ಎತ್ತಿ ಮುಚ್ಚಬಹುದೆಂದು ಲೆಕ್ಕಮಾಡಲಿಲ್ಲ. ಒಬ್ಬರ ಹೊಲಕ್ಕೆ ಹೋದ ಆಳು ಇನ್ನೊಬ್ಬರ ಹೊಲಕ್ಕೆ ಇಲ್ಲದಂತಾಗುವುದೆಂಬುದನ್ನೂ ಯೋಚಿಸಲಿಲ್ಲ. ಹಾಗೆಂದು, ಮಳೆ ಬರುವಾಗ ಕುಯ್ಯದೆ ಬಿಡುವುದೇ ಲೇಸೆಂದೂ ಯಾರೂ ಭಾವಿಸಬಾರದು. ಪೂರ್ಣವಾಗಿ ಮಾಗಿದ ಪೈರು ಗಾಳಿಗೆ ಒರಗಿದರೆ ಕುಯ್ದು ಬಿಟ್ಟ ಪೈರಿನ ಗತಿಯೇ ಅದಕ್ಕೂ ಆಗುವುದು.

3. ಕುಯ್ಲಿನ ಅಳತೆ

ಮುನ್ಸೂಚನೆ ಬಂದ ದಿನ ಮೂರು ಸಂಗತಿಗಳನ್ನು ಎಣಿಸತಕ್ಕದ್ದು: ಬಿಸಿಲು ಎಷ್ಟು ದಿನ ಉಳಿದಿದೆ, ಆಳು ಎಷ್ಟು ಮಂದಿ ಇದ್ದಾರೆ, ಮುಚ್ಚುವುದಕ್ಕೆ ಚಾವಣಿ ಮತ್ತು ಟಾರ್ಪಾಲು ಎಷ್ಟಿದೆ. ಈ ಮೂರರಲ್ಲಿ ಯಾವುದು ಎಲ್ಲಕ್ಕಿಂತ ಕಡಮೆಯೋ ಅದಕ್ಕೆ ತಕ್ಕಷ್ಟೇ ಕುಯ್ಯತಕ್ಕದ್ದು. ಮೂರು ಎಕರೆ ಮಾಗಿದ್ದು, ಮೂರು ಎಕರೆಗೂ ಆಳಿದ್ದು, ಒಂದು ಎಕರೆಯ ಮೆದೆಗೆ ಮಾತ್ರ ಹೊದಿಕೆಯಿದ್ದರೆ ಒಂದು ಎಕರೆಯನ್ನೇ ಕುಯ್ದು, ಉಳಿದ ಆಳುಗಳನ್ನು ನೆರೆಯವರಿಗೆ ಬಿಟ್ಟುಕೊಡುವುದು ಲೇಸು.

ಮೊದಲು ಕುಯ್ಯಬೇಕಾದುದು ತಗ್ಗಿನ ಹೊಲ, ಒರಗಿದ ಅಥವಾ ಒರಗುವಂತಿರುವ ಪೈರು, ಮತ್ತು ಕಾಳು ಹಲ್ಲಿಗೆ ಗಟ್ಟಿಯಾಗಿ ಸಿಕ್ಕುವಷ್ಟು ಮಾಗಿದ ಪೈರು. ಹಾಲುಗಾಳಿನ ಪೈರನ್ನು ಮಳೆಯ ಭಯದಿಂದ ಕುಯ್ದರೆ ಕಾಳು ಜಳ್ಳಾಗುವುದು. ಅದನ್ನು ನಿಂತಿರಲು ಬಿಡಬೇಕು.

ಕಾಲವು ತೀರ ಕಡಮೆಯಿದ್ದರೆ ಬುಡದಿಂದ ಕುಯ್ಯದೆ ತೆನೆಗಳನ್ನು ಮಾತ್ರ ಕುಯ್ದುಕೊಳ್ಳಬಹುದು. ಇದಕ್ಕೆ ಕೈಕೆಲಸ ಹೆಚ್ಚಾದರೂ ತೆನೆಯು ಸ್ವಲ್ಪ ಸ್ಥಳದಲ್ಲಿ ಹಿಡಿಯುವುದರಿಂದ ಮನೆಯ ಪಡಸಾಲೆಯಲ್ಲಿಯೂ ಕೊಟ್ಟಿಗೆಯ ಒಂದು ಭಾಗದಲ್ಲಿಯೂ ತೆಳ್ಳಗೆ ಹರಡಿ ಉಳಿಸಿಕೊಳ್ಳಬಹುದು. ಹುಲ್ಲನ್ನು ಮಳೆ ನಿಂತ ಮೇಲೆ ಕುಯ್ಯಬಹುದು. ಬಿತ್ತನೆಗೆ ಬೇಕಾದ ತೆನೆಗಳನ್ನಂತೂ ಒಣಹವೆಯಿರುವಾಗಲೇ ಆರಿಸಿ ಬೇರೆಯಾಗಿ ಇಡತಕ್ಕದ್ದು. ನೆನೆದು ಮೊಳೆತ ರಾಗಿಯು ಬೀಜಕ್ಕೆ ಬಾರದು.

ಈಗ ಅನೇಕ ಕಡೆಗಳಲ್ಲಿ ಕುಯ್ಲಿನ ಯಂತ್ರಗಳು ಬಳಕೆಯಲ್ಲಿವೆ. ಇವಕ್ಕೆ ಒಣಗಿದ ಪೈರೂ ಗಟ್ಟಿ ನೆಲವೂ ಬೇಕು. ಮಳೆ ಬಿದ್ದ ಮೇಲೆ ಯಂತ್ರವು ಬರುವುದೆಂದು ನಂಬಿ ಕುಳಿತವರು ಹಲವು ದಿನ ಕಾಯಬೇಕಾಗುವುದು.

4. ಮೆದೆ ಹಾಕುವ ಕ್ರಮ

ಮೆದೆಯನ್ನು ಎತ್ತರದ ಸ್ಥಳದಲ್ಲಿ ಹಾಕಬೇಕು. ನೆಲದ ಮೇಲೆ ಕಲ್ಲುಗಳನ್ನಿಟ್ಟು, ಅವುಗಳ ಮೇಲೆ ಕಟ್ಟಿಗೆಯನ್ನು ಹಾಸಿ, ಒಂದು ಅಡಿಯಷ್ಟಾದರೂ ಎತ್ತರಿಸಿದರೆ ಕೆಳಗಿನಿಂದ ತೇವವು ಏರದು. ತೆನೆಗಳು ಒಳಕ್ಕೂ ಬುಡಗಳು ಹೊರಕ್ಕೂ ಇರುವಂತೆ ಹೊರೆಗಳನ್ನು ಜೋಡಿಸಿ, ನಡುಭಾಗವನ್ನು ಸದಾ ಎತ್ತರವಾಗಿಟ್ಟುಕೊಂಡು ಬಂದರೆ ಬುಡಗಳು ಹೊರಕ್ಕೆ ಇಳಿಜಾರಾಗಿ ನೀರನ್ನು ಹೊರಗೇ ಚೆಲ್ಲುವುವು. ಈ ಕಾಲದ ಗಾಳಿಯು ಹೆಚ್ಚಾಗಿ ಮೂಡಣದಿಂದಲೂ ಈಶಾನ್ಯದಿಂದಲೂ ಬರುವುದರಿಂದ ಮೆದೆಯ ಕಿರಿದಾದ ಬದಿಯನ್ನು ಆ ಕಡೆಗೆ ಇಡುವುದು ಯುಕ್ತ. ಟಾರ್ಪಾಲನ್ನು ಹೊದಿಸಿ, ಅದರ ಮೇಲಿಂದ ಹಗ್ಗ ಹಾಯಿಸಿ, ಎರಡು ತುದಿಗಳಿಗೂ ಕಲ್ಲು ಕಟ್ಟಿ ಇಳಿಬಿಡಬೇಕು.

ಮೆದೆಯ ಸುತ್ತಲೂ ಕಾಲುವೆ ತೆಗೆಯುವುದನ್ನು ಮರೆಯಬಾರದು. ಹವಾಮಾನ ಇಲಾಖೆಯವರು ದಿನಕ್ಕೆ 64.5 ಮಿಲಿಮೀಟರ್ ಮುಟ್ಟಿದ ಮಳೆಯನ್ನು ಭಾರಿ ಮಳೆಯೆನ್ನುವರು. ಅಷ್ಟು ಮಳೆಯು ಒಂದು ಎಕರೆಯ ಮೇಲೆ ಸುಮಾರು 2 ಲಕ್ಷ 61 ಸಾವಿರ ಲೀಟರ್ ನೀರನ್ನು ಸುರಿಸುವುದು. ಈ ನೀರಿಗೆ ದಾರಿ ಮಾಡಿಕೊಡದಿದ್ದರೆ ಅದು ಮೆದೆಯ ಬುಡದಲ್ಲಿಯೇ ನಿಲ್ಲುವುದು.

ಅರೆ ಒಣಗಿದ ಪೈರನ್ನು ಅವಸರದಿಂದ ಮೆದೆ ಹಾಕಿದ್ದರೆ ಅದರೊಳಗೆ ಕಾವು ಹುಟ್ಟುವುದು. ಕಬ್ಬಿಣದ ಹಾರೆಯನ್ನು ಮೆದೆಯೊಳಗೆ ತೂರಿಸಿ, ಸ್ವಲ್ಪ ಹೊತ್ತಿನ ಮೇಲೆ ಎಳೆದು ಮುಟ್ಟಿ ನೋಡಬೇಕು. ಹಾರೆಯು ಬಿಸಿಯಾಗಿದ್ದರೆ ಮಳೆ ಬಿಟ್ಟ ಕೂಡಲೆ ಮೆದೆಯನ್ನು ಬಿಚ್ಚಿ ಗಾಳಿಯಾಡಿಸತಕ್ಕದ್ದು.

5. ಮಳೆ ಹಿಡಿದಾಗಲೂ ಬಿಟ್ಟ ಮೇಲೂ

ಮಳೆಯು ಸುರಿಯುತ್ತಿರುವಾಗ ಪೈರನ್ನು ಕುಯ್ಯುವುದರಿಂದ ಪ್ರಯೋಜನವಿಲ್ಲ. ಆಗ ಮಾಡಬೇಕಾದ ಕೆಲಸವೆಂದರೆ ಬದುಗಳನ್ನು ಕಡಿದು ನಿಂತ ನೀರನ್ನು ಹೊರಗೆ ಬಿಡುವುದು. ಇದರಿಂದ ರಾಗಿಗೆ ಮಾತ್ರವಲ್ಲದೆ ಅಕ್ಕಡಿ ಸಾಲಿನ ಅವರೆಗೂ ಅನುಕೂಲವಾಗುವುದು. ನೆಲದ ಮೇಲೆ ಅರಿಗಳು ಇದ್ದರೆ, ಮಳೆಯ ಬಿಡುವಿನಲ್ಲಿ ಅವನ್ನು ಎತ್ತಿ ಬದುವಿನ ಮೇಲಾಗಲಿ ಕಲ್ಲುಗಳ ಮೇಲಾಗಲಿ ತೆನೆಯು ನೆಲಕ್ಕೆ ತಗುಲದಂತೆ ಒರಗಿಸಿಡಬೇಕು. ಬಿಸಿಲು ಬಂದ ದಿನ ಬೆಳಗಿನ ಮಂಜು ಆರಿದ ಮೇಲೆ ಅರಿಗಳನ್ನು ಮಗುಚಬೇಕು.

ನೆನೆದ ರಾಗಿಯನ್ನು ಒಣ ರಾಗಿಯೊಡನೆ ಎಂದಿಗೂ ಬೆರೆಸಬಾರದು. ಸ್ವಲ್ಪ ಕೆಟ್ಟದ್ದು ಎಲ್ಲವನ್ನೂ ಕೆಡಿಸುವುದು. ಚೆನ್ನಾಗಿ ಒಣಗುವ ಮುನ್ನ ಚೀಲಕ್ಕಾಗಲಿ, ಹಗೇವಿಗಾಗಲಿ ತುಂಬಬಾರದು. ಬೂಷ್ಟು ಹಿಡಿದ ಕಾಳು ಮನುಷ್ಯರಿಗೂ, ಬೂಷ್ಟು ಹಿಡಿದ ಹುಲ್ಲು ದನಗಳಿಗೂ ಹಾನಿಕರ. ಡಾಂಬರು ರಸ್ತೆಯ ಮೇಲೆ ಪೈರನ್ನು ಹರಡಿ ವಾಹನಗಳಿಂದ ಒಕ್ಕಿಸುವ ಅಭ್ಯಾಸವು ಕೆಲವು ಕಡೆಗಳಲ್ಲಿ ಬೆಳೆದಿದೆ. ಇದರಿಂದ ದ್ವಿಚಕ್ರ ವಾಹನಗಳವರು ಜಾರಿಬಿದ್ದು ಪ್ರಾಣಾಪಾಯವಾಗುವುದುಂಟು. ಊರಿಗೊಂದು ಗಟ್ಟಿ ಕಣವನ್ನು ಮಾಡಿಕೊಳ್ಳುವುದೇ ಇದಕ್ಕೆ ಪರಿಹಾರ.

ಪೈರಿಗಿಂತ ಪ್ರಾಣವು ದೊಡ್ಡದು. ಗುಡುಗು ಕೇಳಿದ ಕೂಡಲೆ ಹೊಲದ ಕೆಲಸವನ್ನು ನಿಲ್ಲಿಸಿ ಮನೆ ಸೇರಬೇಕು; ಮರದ ಕೆಳಗೆ ನಿಲ್ಲಬಾರದು. ಬಿದ್ದ ವಿದ್ಯುತ್ ತಂತಿಯ ಬಳಿಗೆ ಹೋಗಬಾರದು. ಒದ್ದೆ ಕೈಯಿಂದ ಪಂಪ್‌ಸೆಟ್ಟಿನ ಸ್ಟಾರ್ಟರನ್ನು ಮುಟ್ಟಬಾರದು. ಹಲವು ದಿನ ನೆನೆದ ಮಣ್ಣಿನ ಗೋಡೆಗಳು ರಾತ್ರಿಯ ಹೊತ್ತು ಕುಸಿಯುವುದುಂಟಾದ ಕಾರಣ, ಅಂಥ ಗೋಡೆಯ ಬದಿಯಲ್ಲಿ ಜನರೂ ಮಲಗಬಾರದು, ದನಗಳನ್ನೂ ಕಟ್ಟಬಾರದು. ಕೊಟ್ಟಿಗೆಯ ಮೂಡಣ ಬದಿಗೆ ಗೋಣಿಯ ತಟ್ಟಿ ಕಟ್ಟಿ, ನೆಲಕ್ಕೆ ಒಣ ಹುಲ್ಲು ಹಾಸಬೇಕು. ಕುರಿಗಳನ್ನು, ಮುಖ್ಯವಾಗಿ ಎಳೆಯ ಮರಿಗಳನ್ನು, ಶೀತಗಾಳಿಯಲ್ಲಿ ಬಯಲಿನಲ್ಲಿ ನಿಲ್ಲಿಸಬಾರದು.

6. ಗ್ರಾಮದ ಮುಖ್ಯಸ್ಥರ ಹೊಣೆ

ಮೇಲೆ ಹೇಳಿದುದರಲ್ಲಿ ಬಹುಭಾಗವು ಒಬ್ಬೊಬ್ಬ ರೈತನು ತಾನೇ ಮಾಡಿಕೊಳ್ಳಬಹುದಾದ ಕೆಲಸ. ಆದರೆ ಆಳಿನ ಹಂಚಿಕೆಯು ಊರೇ ಕೂಡಿ ಮಾಡಬೇಕಾದುದು. ಮಳೆಯ ಸುದ್ದಿ ಬಂದ ದಿನ ಹೆಚ್ಚು ಕೂಲಿ ಕೊಡಬಲ್ಲವರ ಹೊಲಕ್ಕೆ ಆಳುಗಳೆಲ್ಲ ಹೋಗುವುದು ಲೋಕರೂಢಿ. ಕೂಲಿ ಕೊಡಲಾರದವರಿಗೆ ನಷ್ಟವನ್ನು ತಾಳಿಕೊಳ್ಳುವ ಶಕ್ತಿಯೂ ಕಡಮೆಯೆಂಬುದನ್ನು ಮುಖ್ಯಸ್ಥರು ಆಲೋಚಿಸಬೇಕು.

ಆದಕಾರಣ ದೀಪಾವಳಿಗೆ ಮುಂಚೆಯೇ ಊರಿನವರನ್ನು ಸೇರಿಸಿ, ಯಾರ ಯಾರ ಪೈರು ಯಾವಾಗ ಮಾಗುವುದು, ಯಾವ ಹೊಲ ತಗ್ಗಿನದು, ಯಾವ ಮನೆಯಲ್ಲಿ ದುಡಿಯುವ ಕೈ ಇಲ್ಲ ಎಂಬುದನ್ನು ಬರೆದಿಟ್ಟುಕೊಳ್ಳತಕ್ಕದ್ದು. ಮಳೆಯ ಮುನ್ಸೂಚನೆ ಬಂದಾಗ ಆ ಪಟ್ಟಿಯ ಪ್ರಕಾರ, ಪೈರು ಮಾಗಿದ ಕ್ರಮದಲ್ಲಿ ಆಳುಗಳನ್ನು ಕಳುಹಿಸತಕ್ಕದ್ದು. ನಮ್ಮಲ್ಲಿ ಮುಯ್ಯಾಳಿನ ಪದ್ಧತಿಯು ಹಿಂದಿನಿಂದಲೂ ಇದೆ. ಇಂದು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು ಎಂಬ ಆ ಕಟ್ಟು ಬಿರುಮಳೆಯ ಕಾಲಕ್ಕೆ ಹೇಳಿಮಾಡಿಸಿದಂತಿದೆ. ಟಾರ್ಪಾಲುಗಳನ್ನೂ ಹೀಗೆಯೇ ಸರದಿಯ ಮೇಲೆ ಬಳಸಬಹುದು. ಸಮುದಾಯ ಭವನವಿದ್ದಲ್ಲಿ ಅದನ್ನು ತೆನೆ ಹರಡುವುದಕ್ಕೆ ತೆರೆದುಕೊಡಬಹುದು.

ಹವಾಮಾನ ಇಲಾಖೆಯ ಎಚ್ಚರಿಕೆಗಳು ಹಳದಿ, ಕಿತ್ತಳೆ, ಕೆಂಪು ಎಂಬ ಮೂರು ಬಣ್ಣಗಳಲ್ಲಿ ಬರುವುವು. ಹಳದಿ ಬಂದಾಗ ಹೊಸ ಕುಯ್ಲನ್ನು ಅಳತೆಗೆ ತರಬೇಕು. ಕಿತ್ತಳೆ ಬಂದಾಗ ಕುಯ್ಯುವುದನ್ನು ನಿಲ್ಲಿಸಿ, ಕುಯ್ದುದನ್ನೆಲ್ಲ ಎತ್ತಿ ಮುಚ್ಚಬೇಕು. ಕೆಂಪು ಬಂದಾಗ ಜನರನ್ನೂ ದನಕರುಗಳನ್ನೂ ನೋಡಿಕೊಳ್ಳಬೇಕು. ಇದನ್ನು ಊರಿಗೆಲ್ಲ ತಿಳಿಸುವ ಕೆಲಸವನ್ನು ಒಬ್ಬರಿಗೆ ವಹಿಸಿರಬೇಕು.

ಬೆಳೆ ವಿಮೆಯ ವಿಷಯವಾಗಿಯೂ ಒಂದು ಮಾತು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ, ಕುಯ್ದು ಹೊಲದಲ್ಲಿ ಒಣಗಲು ಬಿಟ್ಟ ಪೈರು 14 ದಿನಗಳೊಳಗಾಗಿ ಅಕಾಲ ಮಳೆಯಿಂದಾಗಲಿ ಚಂಡಮಾರುತದ ಮಳೆಯಿಂದಾಗಲಿ ಕೆಟ್ಟರೆ ಪರಿಹಾರ ಕೊಡುವ ಏರ್ಪಾಡು ಉಂಟು. ಆದರೆ ನಷ್ಟವನ್ನು 72 ಗಂಟೆಗಳೊಳಗೆ ತಿಳಿಸಬೇಕು. ಈ ರಕ್ಷಣೆಯು ತಮ್ಮ ಬೆಳೆಗೂ ತಮ್ಮ ಸ್ಥಳಕ್ಕೂ ಅನ್ವಯಿಸುವುದೇ ಎಂಬುದನ್ನು ನೋಂದಾಯಿಸುವಾಗಲೇ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ತಿಳಿದುಕೊಳ್ಳಬೇಕು. ಓದುಬರಹ ಬಾರದವರ ಪರವಾಗಿ ಮುಖ್ಯಸ್ಥರು ಈ ಕೆಲಸವನ್ನು ಮಾಡಿಸಿಕೊಟ್ಟರೆ ದೊಡ್ಡ ಉಪಕಾರವಾಗುವುದು.

ಮೇಲೆ ಹೇಳಿದ ಯಜಮಾನರು ಮರುವರ್ಷ ಕುಯ್ಲಿಗೆ ಮುಂಚೆ ಎರಡು ಹೊಸ ಟಾರ್ಪಾಲುಗಳನ್ನು ಕೊಂಡರು. ತಗ್ಗಿನ ಹೊಲವನ್ನು ಮೊದಲು ಕುಯ್ಯಬೇಕೆಂದು ನಾನು ಮತ್ತೆ ಹೇಳಿದಾಗ, ಪಕ್ಕದ ಹೊಲದ ತಗ್ಗು ತಮ್ಮದಕ್ಕಿಂತ ಆಳವಾಗಿದೆಯೆಂದು ಹೇಳಿ, ಬೆಳಗಿನಲ್ಲಿ ಬಂದ ಆಳುಗಳಲ್ಲಿ ಇಬ್ಬರನ್ನು ಮೊದಲು ಅಲ್ಲಿಗೆ ಕಳುಹಿಸಿದರು. ಎಲ್ಲ ಗ್ರಾಮಗಳ ಮುಖ್ಯಸ್ಥರೂ ಜಮೀನುದಾರರೂ ಈ ಸುಗ್ಗಿಯಲ್ಲಿ ಹೀಗೆಯೇ ನಡೆದುಕೊಳ್ಳುವರೆಂದು ನಂಬಲಾಗಿದೆ.