ಸಿಗ್ನಲ್ ಹೋದಾಗ ವಿಮಾನ ಏನು ಮಾಡಬೇಕು?

ಬೆಂಗಳೂರು ಪಕ್ಕದ ಸರ್ಜಾಪುರದ ಸುತ್ತಮುತ್ತ ಮಾದರಿ ವಿಮಾನ ಹಾರಿಸುವ ನಮ್ಮಂಥವರ ಪಂಚಾಂಗ ಶುರುವಾಗುವುದು ರಾಗಿ ಕೊಯ್ಲಿನಿಂದ. ಪೈರು ಕೊಯ್ದು ಮೆದೆ ಒಟ್ಟಿದ ಮೇಲೆ ಹೊಲ ಮುಂದಿನ ಉಳುಮೆಯವರೆಗೆ ಖಾಲಿ. ಕೂಳೆಯ ಮೇಲೆ ಹೊಟ್ಟೆಯೂರಿ ಇಳಿದರೂ ಫೋಮಿನ ವಿಮಾನಕ್ಕೆ ಅಷ್ಟೇನೂ ಪೆಟ್ಟಾಗುವುದಿಲ್ಲ. ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಗಾಳಿಯೂ ಮೆತ್ತಗಿರುತ್ತದೆ. ಆಷಾಢದಲ್ಲಾದರೆ ಇದೇ ಬಯಲು ಗಾಳಿಪಟದವರಿಗೆ ಸರಿ, ಒಂದು ಕೆ.ಜಿ. ತೂಗುವ ವಿಮಾನವನ್ನು ಪಡುವಣ ಗಾಳಿ ಎಲ್ಲಿಗೆ ಎತ್ತಿಕೊಂಡು ಹೋಗುತ್ತದೋ ಹೇಳಲಾಗದು.

ನಾನು ಈ ಹುಚ್ಚು ಹಿಡಿಸಿಕೊಂಡಾಗ ಹೊಲದ ಮೂರು ಕಡೆ ನೀಲಗಿರಿ ತೋಪು, ಆಚೆಗೆ ಕೆರೆಯಂಗಳ. ಕೈತಪ್ಪಿದ ವಿಮಾನ ಹೋಗಿ ಕೂರುತ್ತಿದ್ದದ್ದು ಮರದ ಮೇಲೆ. ಈಗ ಒಂದು ಕಡೆ ಲೇಔಟಿನ ಕಲ್ಲುಗಳು, ಇನ್ನೊಂದು ಕಡೆ ಅಪಾರ್ಟ್‌ಮೆಂಟು, ನಡುವೆ ಶಾಲಾ ಬಸ್ಸು ಓಡಾಡುವ ರಸ್ತೆ. ಹೊಲ ಕಿರಿದಾಗುತ್ತ ಬಂದ ಹಾಗೆ ನನಗೆ ಹಾರಾಟದ ಕಸರತ್ತಿಗಿಂತ ಕೈಯಲ್ಲಿರುವ ರೇಡಿಯೋದ ಒಂದು ಮೆನು ಮುಖ್ಯವಾಯಿತು. ಹೊಸಬರು ತೆರೆದೇ ನೋಡದ ಮೆನು ಅದು: ಫೇಲ್‌ಸೇಫ್. ಸಿಗ್ನಲ್ ಕಡಿದುಹೋದ ಕ್ಷಣ ರೆಕ್ಕೆ, ಬಾಲದ ಪಟ್ಟಿಗಳನ್ನು ತಿರುಗಿಸುವ ಯಾವ ಸರ್ವೋ ಎಲ್ಲಿ ನಿಲ್ಲಬೇಕು, ಮೋಟಾರು ಏನಾಗಬೇಕು ಎಂದು ವಿಮಾನದೊಳಗಿನ ರಿಸೀವರಿಗೆ ಮೊದಲೇ ಹೇಳಿಡುವ ಜಾಗ.

ಹಳಬರು ಪಟ್ಟ ಪಾಡು ಬೇರೆ. ಆಗಿನ ರೇಡಿಯೋಗಳು ಅಮೆರಿಕದಲ್ಲಿ 72, ಬ್ರಿಟನ್ನಿನಲ್ಲಿ 35 ಮೆಗಾಹರ್ಟ್ಸ್‌ನ ಸುತ್ತ ಕೆಲಸ ಮಾಡುತ್ತಿದ್ದವು. ಒಬ್ಬೊಬ್ಬರಿಗೆ ಒಂದೊಂದು ಕ್ರಿಸ್ಟಲ್, ಒಂದೊಂದು ಚಾನೆಲ್. ಮೈದಾನದ ಹಲಗೆಯಿಂದ ನಿಮ್ಮ ಚಾನೆಲ್ಲಿನ ಕ್ಲಿಪ್ ಕಿತ್ತುಕೊಂಡು ಆಂಟೆನಾಗೆ ಸಿಕ್ಕಿಸಿಕೊಳ್ಳದೆ ರೇಡಿಯೋ ಆನ್ ಮಾಡುವ ಹಾಗಿರಲಿಲ್ಲ. ಮಾಡಿದಿರೋ, ಅದೇ ಚಾನೆಲ್ಲಿನಲ್ಲಿ ಹಾರುತ್ತಿದ್ದ ಇನ್ನೊಬ್ಬರ ವಿಮಾನ ನೆಲಕ್ಕೆ. 2.4 ಗಿಗಾಹರ್ಟ್ಸ್ ಬಂದ ಮೇಲೆ ಆ ತಾಪತ್ರಯ ಮುಗಿಯಿತು. ರೇಡಿಯೋ ಮತ್ತು ರಿಸೀವರ್ ಒಮ್ಮೆ ಬೈಂಡ್ ಆದರೆ, ಅಂದರೆ ಒಂದನ್ನೊಂದು ಗುರುತು ಹಿಡಿದರೆ, ಸೆಕೆಂಡಿಗೆ ಹಲವಾರು ಸಲ ಚಾನೆಲ್ ಬದಲಿಸುತ್ತ ಜೊತೆಜೊತೆಗೇ ನೆಗೆಯುತ್ತವೆ. ನಮ್ಮ ದೇಶದಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಈ ಬ್ಯಾಂಡಿನಲ್ಲಿ ಲೈಸೆನ್ಸ್ ಬೇಡವೆಂದು 2005ರಲ್ಲೇ ನಿಯಮವಾಯಿತು.

ಇಷ್ಟಾದ ಮೇಲೆ ಸಿಗ್ನಲ್ ಹೋಗುವುದೇ ಇಲ್ಲ ಎಂಬ ನಂಬಿಕೆಯೊಂದು ಬೆಳೆದಿದೆ. ಹೋಗುತ್ತದೆ. ಮನೆಮನೆಗೂ ಇರುವ ವೈಫೈ ಇದೇ ಬ್ಯಾಂಡಿನದು. ಅಪಾರ್ಟ್‌ಮೆಂಟಿನ ಬುಡದಲ್ಲಿ ನಿಂತಾಗ ರೇಡಿಯೋದ ಮಾತು ದೂರ ಮುಟ್ಟದಿರಬಹುದು. ಆದರೆ ನಾನು ಕಂಡ ಪ್ರಕರಣಗಳಲ್ಲಿ ಹೆಚ್ಚಿನವಕ್ಕೆ ಕಾರಣ ವಿಮಾನದ ಹೊಟ್ಟೆಯೊಳಗೇ ಇತ್ತು. ಅಗ್ಗದ ಸ್ಪೀಡ್ ಕಂಟ್ರೋಲರ್ ನಾಲ್ಕು ಸರ್ವೋಗಳಿಗೆ ಒಟ್ಟಿಗೆ ಕರೆಂಟು ಕೊಡಲಾಗದೆ ವೋಲ್ಟೇಜ್ ಕುಸಿಯುತ್ತದೆ, ರಿಸೀವರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಆ ಒಂದೆರಡು ಸೆಕೆಂಡು ನಿಮ್ಮ ಕೈಯಲ್ಲಿರುವುದು ಬರೀ ಪ್ಲಾಸ್ಟಿಕ್ ಡಬ್ಬ. ಇನ್ನೊಂದು ಕಾರಣ ಆಂಟೆನಾ. ರಿಸೀವರಿನ ಆಂಟೆನಾ ತಂತಿಯಲ್ಲಿ ಕೆಲಸ ಮಾಡುವುದು ತುದಿಯ ಸುಮಾರು 3 ಸೆಂ.ಮೀ. ಮಾತ್ರ, ತರಂಗದುದ್ದದ ಕಾಲು ಭಾಗ. ಆ ತುದಿ ಬ್ಯಾಟರಿಗೋ ಕಾರ್ಬನ್ ಫೈಬರ್ ಕಡ್ಡಿಗೋ ಅಂಟಿಕೊಂಡಿದ್ದರೆ ಅರ್ಧ ಕಿವುಡು. ಎರಡು ಆಂಟೆನಾ ಇದ್ದರೆ ಒಂದಕ್ಕೊಂದು ಲಂಬವಾಗಿ, ಮೂಲೆಮಟ್ಟದ ಹಾಗೆ, ಟೇಪು ಹಚ್ಚಿ ನಿಲ್ಲಿಸಬೇಕು. ರೇಡಿಯೋದ ಆಂಟೆನಾವನ್ನು ಬಂದೂಕಿನಂತೆ ವಿಮಾನದತ್ತ ಗುರಿ ಇಡುವವರನ್ನೂ ನೋಡಿದ್ದೇನೆ. ಕೋಲಿನಂಥ ಆಂಟೆನಾದಿಂದ ಅತಿ ಕಡಿಮೆ ಸಿಗ್ನಲ್ ಹೊರಡುವುದು ಅದರ ತುದಿಯ ದಿಕ್ಕಿನಲ್ಲೇ. ಅದನ್ನು ಬಗ್ಗಿಸಿ ಪಕ್ಕ ತೋರುವಂತೆ ಇಟ್ಟುಕೊಳ್ಳಬೇಕು.

ನಮ್ಮ ಗುಂಪಿನಲ್ಲಿ ವಿಮಾನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಹೊಸಬರ ವಿಮಾನ ಕಂಡರೆ ಅದು ಚೆನ್ನಾಗಿದೆ, ಇಲ್ಲ ಎಂದು ಏನೂ ಹೇಳುವುದಿಲ್ಲ. “ಪ್ರೊಪೆಲ್ಲರ್ ಬಿಚ್ಚಪ್ಪ. ಈಗ ಕಾಲು ಭಾಗ ಥ್ರಾಟಲ್ ಕೊಡು. ಕೊಟ್ಟೆಯಾ? ರೇಡಿಯೋ ಆಫ್ ಮಾಡು,” ಅನ್ನುತ್ತಾರೆ ಅಷ್ಟೆ. ಒಂದು ಬೆಳಗ್ಗೆ ಎಲೆಕ್ಟ್ರಾನಿಕ್ ಸಿಟಿಯಿಂದ ಬಂದ ಸಾಫ್ಟ್‌ವೇರ್ ಹುಡುಗ ನಗುತ್ತಲೇ ಆಫ್ ಮಾಡಿದ. ಮೋಟಾರು ನಿಲ್ಲುವ ಬದಲು ಪೂರ್ತಿ ವೇಗದಲ್ಲಿ ಕಿರುಚತೊಡಗಿತು. ಹುಡುಗ ಬೆಪ್ಪಾದ. ಅವನು ಫೇಲ್‌ಸೇಫ್ ಹಾಕಿರಲಿಲ್ಲ ಅಂತಲ್ಲ; ಹಾಕಿದ ಮೇಲೆ ಥ್ರಾಟಲ್ ಚಾನೆಲ್ಲನ್ನು ರಿವರ್ಸ್ ಮಾಡಿದ್ದ. ರಿಸೀವರ್ ಮಾತ್ರ ಹಳೆಯ ಬೆಲೆಯನ್ನೇ ನೆನಪಿಟ್ಟುಕೊಂಡಿತ್ತು. ಅದರ ಲೆಕ್ಕದಲ್ಲಿ ‘ಸೊನ್ನೆ’ ಇದ್ದದ್ದು ಈಗ ‘ಪೂರ್ತಿ’. ಹಿರಿಯರು ಬ್ಯಾಟರಿ ಕಿತ್ತರು, “ಕಾಫಿ ಕುಡಿದು ಬಾ, ಆಮೇಲೆ ಮತ್ತೆ ಹಾಕೋಣ,” ಅಂದರು.

ಪ್ರೊಪೆಲ್ಲರ್ ಬಿಚ್ಚಿರದಿದ್ದರೆ? 10 ಇಂಚಿನ ಪ್ರೊಪೆಲ್ಲರ್ ನಿಮಿಷಕ್ಕೆ 8000 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ 380 ಕಿ.ಮೀ. ದಾಟುತ್ತದೆ. ಬೆರಳಿಗೆ ಹೊಲಿಗೆ ಹಾಕಿಸಿಕೊಂಡವರನ್ನು ಈ ಹವ್ಯಾಸದಲ್ಲಿ ಹುಡುಕಬೇಕಾಗಿಲ್ಲ. ಮೇಜಿನ ಮೇಲೆ ರೇಡಿಯೋ ಸೆಟ್ ಮಾಡುವಾಗ ಪ್ರೊಪೆಲ್ಲರ್ ಇರಲೇಬಾರದು ಎನ್ನುವುದರಲ್ಲಿ ನನಗೆ ಯಾವ ರಾಜಿಯೂ ಇಲ್ಲ.

ಇನ್ನು ಸಿಗ್ನಲ್ ಹೋದಾಗ ವಿಮಾನ ಏನು ಮಾಡಬೇಕು? ಏನೂ ಹೇಳಿಡದಿದ್ದರೆ ಕೆಲವು ರಿಸೀವರುಗಳು ಕೊನೆಗೆ ಕೇಳಿದ್ದನ್ನೇ ಹಿಡಿದುಕೊಂಡು ಕೂರುತ್ತವೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ನೆಟ್ಟಗೆ ಹೋಗುತ್ತಿದ್ದ ವಿಮಾನಕ್ಕೆ ಇನ್ನೈದು ನಿಮಿಷದ ಬ್ಯಾಟರಿ ಇದ್ದರೆ ಅದು 5 ಕಿ.ಮೀ. ಆಚೆ ಹೋಗಬಲ್ಲದು, ಸರ್ಜಾಪುರದಿಂದ ಹೆಚ್ಚುಕಡಿಮೆ ದೊಮ್ಮಸಂದ್ರ. ಆ ವೇಗದಲ್ಲಿ ಒಂದು ಕೆ.ಜಿ. ವಿಮಾನ ಬಡಿದರೆ, ನಾಲ್ಕನೇ ಮಹಡಿಯ ಬಾಲ್ಕನಿಯಿಂದ ಒಂದು ಕೆ.ಜಿ. ಬೆಲ್ಲದುಂಡೆ ತಲೆಯ ಮೇಲೆ ಬಿದ್ದಷ್ಟೇ ಏಟು. ಅದಕ್ಕೇ ಬ್ರಿಟನ್ನಿನ ಮಾದರಿ ವಿಮಾನದವರ ಕೈಪಿಡಿ, ಸಿಗ್ನಲ್ ಹೋದರೆ ಕನಿಷ್ಠ ಎಂಜಿನ್ ತಗ್ಗಲೇಬೇಕು ಎನ್ನುತ್ತದೆ.

ಥ್ರಾಟಲ್ ಸೊನ್ನೆ ಎನ್ನುವುದರಲ್ಲಿ ಎಲ್ಲರೂ ಒಪ್ಪುತ್ತಾರೆ. ಉಳಿದದ್ದರಲ್ಲಿ ಭಿನ್ನಾಭಿಪ್ರಾಯವಿದೆ. ರೆಕ್ಕೆ ಸಮವಾಗಿರಲಿ, ತೇಲುತ್ತ ಇಳಿಯಲಿ, ಸಿಗ್ನಲ್ ಮರಳಿದರೆ ವಿಮಾನ ಉಳಿಯುತ್ತದೆ ಎನ್ನುವುದು ಒಂದು ಪಕ್ಷ. ನೀಲಗಿರಿ ತೋಪಿನ ಕಾಲಕ್ಕೆ ನಾನೂ ಆ ಪಕ್ಷದವನೇ. ಈಗ ಅಲ್ಲ. ಫೋಮಿನ ವಿಮಾನ ಚೆನ್ನಾಗಿ ತೇಲಿದರೆ ರಸ್ತೆ ದಾಟಿಬಿಡುತ್ತದೆ. ಹಾಗಾಗಿ ನನ್ನ ವಿಮಾನಗಳಲ್ಲಿ ಈಗ ಥ್ರಾಟಲ್ ಸೊನ್ನೆ, ಬಾಲದ ಅಡ್ಡಪಟ್ಟಿ ಎಲೆವೇಟರ್ ಒಂಚೂರು ಮೇಲೆ, ನಿಂತ ಪಟ್ಟಿ ರಡ್ಡರ್ ಸ್ವಲ್ಪ ಬಲಕ್ಕೆ. ಸಿಗ್ನಲ್ ಕೈಕೊಟ್ಟ ಕೂಡಲೇ ವಿಮಾನ ಇದ್ದಲ್ಲೇ ಅಗಲವಾಗಿ ಸುತ್ತುತ್ತ ನಮ್ಮದೇ ಹೊಲಕ್ಕೆ ಇಳಿಯಬೇಕು. ಮೂಗು ಮುರಿದರೆ ಮುರಿಯಲಿ, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಮೋಟಾರು ಸಿಗುತ್ತದೆ, ಫೋಮು, ಗ್ಲೂ ಗನ್ ಮನೆಯಲ್ಲೇ ಇರುತ್ತವೆ.

ಇದನ್ನು ಹಾಕುವ ಕ್ರಮ ರೇಡಿಯೋದಿಂದ ರೇಡಿಯೋಗೆ ಬೇರೆ. ಕೆಲವದರಲ್ಲಿ ಮೆನು ತೆರೆದು, ಸ್ಟಿಕ್ಕುಗಳನ್ನು ಬೇಕಾದ ಜಾಗದಲ್ಲಿ ಹಿಡಿದು ಸೇವ್ ಮಾಡಬೇಕು. ಕೆಲವದರಲ್ಲಿ ಬೈಂಡ್ ಮಾಡುವಾಗ ಸ್ಟಿಕ್ ಎಲ್ಲಿತ್ತೋ ಅದೇ ದಾಖಲಾಗುತ್ತದೆ. ಆದ್ದರಿಂದ ಮತ್ತೆ ಬೈಂಡ್ ಮಾಡಿದರೆ, ಚಾನೆಲ್ ತಿರುಗಿಸಿದರೆ, ರಿಸೀವರ್ ಬದಲಿಸಿದರೆ ಪರೀಕ್ಷೆ ಮತ್ತೆ ಮೊದಲಿಂದ. ರಿಸೀವರ್ ಆನ್ ಇರುವಾಗ ರೇಡಿಯೋ ಆಫ್ ಆಗಲು ಒಪ್ಪದ ಮಾಡೆಲ್ಲುಗಳೂ ಇವೆ. ಅಂಥದಕ್ಕೆ ರೇಡಿಯೋದ ಬ್ಯಾಟರಿಯನ್ನೇ ಹೊರಗೆ ತೆಗೆದು ನೋಡಬೇಕು.

ಉಳಿದ ಸೆಟ್ಟಿಂಗುಗಳ ಬಗ್ಗೆ ಇಷ್ಟು ಚಿಂತೆ ಬೇಡ, ಆದರೆ ದಿಕ್ಕು ತಪ್ಪಬಾರದು. ವಿಮಾನದ ಹಿಂದೆ ನಿಂತು ಸ್ಟಿಕ್ಕನ್ನು ಬಲಕ್ಕೆ ತಳ್ಳಿ. ಬಲರೆಕ್ಕೆಯ ಅಂಚಿನ ಪಟ್ಟಿ, ಅಂದರೆ ಏಲೆರಾನ್, ಮೇಲೇಳಬೇಕು. ಹಿಂದಕ್ಕೆಳೆದರೆ ಎಲೆವೇಟರ್ ಮೇಲೆ. ಒಂದೇ ರೇಡಿಯೋದಲ್ಲಿ ಹತ್ತು ವಿಮಾನಗಳ ನೆನಪು ಇಡಬಹುದಾದ್ದರಿಂದ ಇನ್ಯಾವುದೋ ವಿಮಾನದ ಮಾಡೆಲ್ ತೆರೆದುಕೊಂಡು ಹಾರಿಸಿದವರಿದ್ದಾರೆ. ದಿಕ್ಕಿನ ಪರೀಕ್ಷೆ ಅದನ್ನೂ ಹಿಡಿದುಕೊಡುತ್ತದೆ. ಎಕ್ಸ್‌ಪೋ, ಅಂದರೆ ಸ್ಟಿಕ್ಕಿನ ನಡುಭಾಗದ ಚುರುಕು ಬದಲಿಸುವ ಸೆಟ್ಟಿಂಗು, ಹಾಕುವಾಗ ಎಚ್ಚರ: ಫ್ಲೈಸ್ಕೈ, ಸ್ಪೆಕ್ಟ್ರಮ್‌ಗಳಲ್ಲಿ ಸ್ಟಿಕ್ಕಿನ ನಡುಭಾಗ ಮೆತ್ತಗಾಗಲು ಪ್ಲಸ್ ಅಂಕಿ, ಫುಟಾಬಾದಲ್ಲಿ ಮೈನಸ್. ಗೆಳೆಯನ ರೇಡಿಯೋದ ಅಂಕಿಯನ್ನು ಕಣ್ಣುಮುಚ್ಚಿ ನಕಲು ಮಾಡಿದರೆ ಮೆತ್ತಗಾಗಬೇಕಾದ ವಿಮಾನ ಹುಚ್ಚು ಕುದುರೆಯಾಗುತ್ತದೆ. ಥ್ರಾಟಲ್ ಎಡಗೈಯಲ್ಲೋ ಬಲಗೈಯಲ್ಲೋ ಎನ್ನುವುದೂ ಹಾಗೆಯೇ. ನಮ್ಮಲ್ಲಿ ಎಡಗೈ, ಅಂದರೆ ಮೋಡ್ 2, ಸಾಮಾನ್ಯ. ಜಪಾನಿನಲ್ಲಿ ಮೋಡ್ 1 ಬಹಳ. ಬೇರೆಯವರ ರೇಡಿಯೋ ಕೈಗೆ ಬಂದರೆ ಮೊದಲು ಅದನ್ನು ಕೇಳಿ.

ಹೊಲಕ್ಕೆ ಬಂದ ಮೇಲೆ ಕ್ರಮ ಒಂದೇ. ಥ್ರಾಟಲ್ ಕೆಳಗೆ, ಸ್ವಿಚ್ಚುಗಳು ತಮ್ಮ ಜಾಗದಲ್ಲಿ, ಮೊದಲು ರೇಡಿಯೋ ಆನ್, ಆಮೇಲೆ ವಿಮಾನದ ಬ್ಯಾಟರಿ. ಇಳಿದ ಮೇಲೆ ಮೊದಲು ವಿಮಾನದ ಬ್ಯಾಟರಿ ಕಿತ್ತು ಆಮೇಲೆ ರೇಡಿಯೋ ಆಫ್. ದಿನದ ಮೊದಲ ಹಾರಾಟಕ್ಕೆ ಮುಂಚೆ ರೇಡಿಯೋವನ್ನು ಕಡಿಮೆ ಶಕ್ತಿಯ ಮೋಡ್‌ಗೆ ಹಾಕಿ ಮೂವತ್ತು ಹೆಜ್ಜೆ ನಡೆಯುತ್ತೇನೆ. ಜೊತೆಯವರು ವಿಮಾನವನ್ನು ಹಿಂದಿನಿಂದ ಭದ್ರವಾಗಿ ಹಿಡಿದಿರುತ್ತಾರೆ. ಮೋಟಾರು ಓಡುತ್ತಿರುವಾಗಲೇ ಎಲ್ಲ ಸರ್ವೋಗಳನ್ನು ಅಲ್ಲಾಡಿಸಿ ನೋಡಬೇಕು. ವೋಲ್ಟೇಜ್ ಕುಸಿಯುವ ಚಾಳಿ ಇದ್ದರೆ ಅಲ್ಲೇ ಬಯಲಾಗುತ್ತದೆ.

ಕಾನೂನಿನ ಮಾತೂ ಒಂದಿದೆ. 2021ರ ಡ್ರೋನ್ ನಿಯಮಗಳಲ್ಲಿ ನಮ್ಮ ಆಟದ ವಿಮಾನಗಳಿಗೂ ಜಾಗ ಉಂಟು: 25 ಕೆ.ಜಿ. ಮೀರದ, ಮನರಂಜನೆಗೋ ಕಲಿಕೆಗೋ ಕಣ್ಣಳತೆಯಲ್ಲೇ ಹಾರಿಸುವ ಮಾದರಿ. ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ಒಳಗಾದರೆ ಆ ಮಿತಿ 200 ಅಡಿ. 2008ರಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದವೆಂದು ಎಚ್‌ಎಎಲ್ ನಿಲ್ದಾಣ ಮುಚ್ಚಿತೆಂದುಕೊಂಡವರಿದ್ದಾರೆ. ಅಲ್ಲಿಂದ ಈಗಲೂ ಹೆಲಿಕಾಪ್ಟರುಗಳು, ತೇಜಸ್ ಏಳುತ್ತವೆ. ಸರ್ಜಾಪುರ ದೂರದಲ್ಲಿದೆ, ಸರಿ. ಆ ನಿಲ್ದಾಣದ ದಿಕ್ಕಿನ ಕೊಡತಿ ಕಡೆಗೆ ಸರಿದಷ್ಟೂ ಲೆಕ್ಕ ಬದಲಾಗುತ್ತದೆ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಯೇ ಹೊರಡಬೇಕು. ಹೆಲಿಕಾಪ್ಟರಿನ ಸದ್ದು ಕೇಳಿದರೆ ನಕ್ಷೆ ಏನೇ ಹೇಳಲಿ, ನಾವು ಇಳಿಸಿಬಿಡುತ್ತೇವೆ. ಹದ್ದು ಸುತ್ತುತ್ತಿದ್ದರೂ ಅಷ್ಟೆ, ಅವು ಎರಗುತ್ತವೆ.

ನಕ್ಷೆಗಿಂತ ದೊಡ್ಡ ಅನುಮತಿ ಹೊಲದ ಒಡೆಯರದು. ನಮಗೆ ಜಾಗ ಕೊಟ್ಟಿದ್ದ ರೆಡ್ಡಿಯವರು ಒಂದೇ ಷರತ್ತು ಹಾಕಿದ್ದರು: “ದನ ಬಿಟ್ಟಾಗ ಬ್ಯಾಡ ಸಾ. ಬೆದರ್ತವೆ.” ಬರುವ ಸುಗ್ಗಿಗೆ ಅವರ ಹೊಲವೂ ಲೇಔಟಾಗುತ್ತಿದೆ. ಚಿಕ್ಕತಿರುಪತಿ ಕಡೆ ಅವರ ಭಾವಮೈದನದೊಂದು ಬಯಲಿದೆಯಂತೆ, ಹೋಗಿ ನೋಡಿ ಬಂದೆವು. ಜಾಗ ಚೆನ್ನಾಗಿದೆ, ಆದರೆ ಬಲಗಡೆ ಹೈಟೆನ್ಷನ್ ತಂತಿ ಹಾದುಹೋಗಿದೆ. ಅಲ್ಲಿ ಹಾರಿಸುವುದಾದರೆ ಫೇಲ್‌ಸೇಫಿನ ರಡ್ಡರನ್ನು ಎಡಕ್ಕೆ ತಿರುಗಿಸಿ, ಪ್ರೊಪೆಲ್ಲರ್ ಬಿಚ್ಚಿ, ರೇಡಿಯೋ ಆಫ್ ಮಾಡಿ ಮತ್ತೊಮ್ಮೆ ನೋಡಬೇಕು.